ಅಂಕಗಳ ಉಬ್ಬರಕ್ಕೆ ಯಾವ ಕ್ರಮ ಹೊಂದುತ್ತದೆ? ಬಳ್ಳಾರಿ, ಕೊಪ್ಪಳ, ರಾಯಚೂರಿನ ವಿಶ್ವವಿದ್ಯಾಲಯಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ, ರಾಯಚೂರಿನ ವಿಶ್ವವಿದ್ಯಾಲಯ 2021ರಲ್ಲಿ, ಕೊಪ್ಪಳದ್ದು 2023ರಲ್ಲಿ ಆರಂಭವಾದವು. 2010ಕ್ಕೂ ಮೊದಲು ಪದವಿಯ ಅಂಕಪಟ್ಟಿಗಾಗಿ ಕಲಬುರಗಿಯತ್ತ ನೋಡುತ್ತಿದ್ದ ಈ ಸೀಮೆಗೆ ಈಗ ತನ್ನದೇ ಮೂರು ವಿಶ್ವವಿದ್ಯಾಲಯಗಳಿವೆ. ಹೊಸ ವಿಶ್ವವಿದ್ಯಾಲಯ ಕೊಟ್ಟ ಗ್ರೇಡನ್ನು ಹೊರಗಿನವರು ನಂಬಬೇಕಾದರೆ ಆ ಗ್ರೇಡು ಏನನ್ನು ಅಳೆದಿದೆ, ಯಾರು ಅಳೆದಿದ್ದಾರೆ, ಹೇಗೆ ಅಳೆದಿದ್ದಾರೆ ಎಂಬುದು ಅವರಿಗೆ ಕಾಣಬೇಕು. ಹಳೆಯ, ಹೆಸರುವಾಸಿ ಸಂಸ್ಥೆಯೊಂದು ಅಂಕಗಳನ್ನು ಧಾರಾಳವಾಗಿ ಕೊಟ್ಟರೂ ಅದರ ಹೆಸರು ಪದವೀಧರನ ಕೈ ಹಿಡಿಯುತ್ತದೆ. ಹೊಸ ಸಂಸ್ಥೆಯ ಪದವೀಧರನಿಗೆ ಅಂಕಪಟ್ಟಿಯ ಹೊರತು ಬೇರೆ ಆಸರೆಯಿಲ್ಲ. ಆದ್ದರಿಂದ ಅಂಕಗಳ ಉಬ್ಬರವನ್ನು, ಅಂದರೆ ಕಲಿಕೆಗೆ ಮೀರಿ ಅಂಕ ಕೊಡುವುದನ್ನು, ತಡೆಯುವ ಪ್ರಶ್ನೆ ಬೇರೆಲ್ಲಿಗಿಂತ ನಮ್ಮಲ್ಲಿ ಹೆಚ್ಚು ತುರ್ತಿನದು.

ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು, ಅಧ್ಯಯನ ಮಂಡಳಿ ಮತ್ತು ಪರೀಕ್ಷಾ ಮಂಡಳಿಯವರು, ಪ್ರಾಂಶುಪಾಲರು ಹಾಗೂ ತಮ್ಮ ಅಂಕಗಳ ಬಗ್ಗೆ ಪ್ರಶ್ನೆ ಕೇಳಲು ಹಕ್ಕುಳ್ಳ ವಿದ್ಯಾರ್ಥಿಗಳು ಈ ಬರಹದ ಓದುಗರೆಂದು ಭಾವಿಸಿದ್ದೇನೆ. ಜಗತ್ತಿನ ವಿಶ್ವವಿದ್ಯಾಲಯಗಳು ಪ್ರಯೋಗಿಸಿ ನೋಡಿದ ದಾರಿಗಳನ್ನು ನಮ್ಮ ಕಾಲೇಜುಗಳ ಸ್ಥಿತಿಯ ಎದುರಿಟ್ಟು ಹೋಲಿಸುವುದು ಇದರ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೌಲ್ಯಮಾಪನವನ್ನು ಮೊದಲು ತೆರೆದಿಡಬೇಕು, ಆಮೇಲೆ ಅಂಕಪಟ್ಟಿಗೆ ಅರ್ಥ ಬರುವಂತೆ ಮಾಹಿತಿ ಸೇರಿಸಬೇಕು. ಇಷ್ಟು ಜನರಿಗೆ ಮಾತ್ರ ಉನ್ನತ ಗ್ರೇಡು ಎಂಬ ಮಿತಿಯನ್ನು ಈ ಎರಡೂ ಆಗದೆ ಹೇರಕೂಡದು.

ಉಬ್ಬರ ಇರುವುದು ಎಲ್ಲಿ?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿ ಹತ್ತು ಅಂಶಗಳ ಮಾಪಕವನ್ನು ಕೊಟ್ಟಿತು. ಅದರಲ್ಲಿ ‘ಓ’ ಎಂದರೆ 10, ‘ಎ ಪ್ಲಸ್’ ಎಂದರೆ 9, ‘ಎ’ ಎಂದರೆ 8. ಹೀಗೇ ಇಳಿಯುತ್ತ ‘ಪಿ’ಗೆ 4, ‘ಎಫ್’ಗೆ ಸೊನ್ನೆ. ಪ್ರತಿ ವಿಷಯದ ಗ್ರೇಡ್ ಅಂಶವನ್ನು ಅದರ ಕ್ರೆಡಿಟ್‌ನಿಂದ, ಅಂದರೆ ಆ ವಿಷಯಕ್ಕೆ ಕೊಟ್ಟ ತೂಕದಿಂದ, ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸೆಮಿಸ್ಟರಿನ ಎಸ್‌ಜಿಪಿಎ ಬರುತ್ತದೆ. ಗಣಿತ ಇಷ್ಟೇ ಸರಳ. ತೊಡಕಿರುವುದು ಗ್ರೇಡಿನ ಹಿಂದಿರುವ ಅಂಕಗಳಲ್ಲಿ, ಅದರಲ್ಲೂ ಆಂತರಿಕ ಮೌಲ್ಯಮಾಪನದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಐಎ ಅಂಕಗಳಲ್ಲಿ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಿಂದ ರಾಜ್ಯದಲ್ಲಿ ಜಾರಿಗೊಳಿಸಿದಾಗ ಐಎಗೆ 40, ಸೆಮಿಸ್ಟರ್ ಪರೀಕ್ಷೆಗೆ 60 ಎಂಬ ಹಂಚಿಕೆ ಬಂತು. 2024-25ರಿಂದ ರಾಜ್ಯದ ಹೊಸ ಪಠ್ಯಕ್ರಮದಲ್ಲಿ ಅದು 20 ಮತ್ತು 80 ಆಯಿತು. ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಒಬ್ಬಳಿಗೆ ಐಎಯಲ್ಲಿ 40ಕ್ಕೆ 38, ಪರೀಕ್ಷೆಯಲ್ಲಿ 60ಕ್ಕೆ 24. ಇನ್ನೊಬ್ಬನಿಗೆ ಐಎಯಲ್ಲಿ 28, ಪರೀಕ್ಷೆಯಲ್ಲಿ 34. ಇಬ್ಬರದೂ 62, ಇಬ್ಬರ ಗ್ರೇಡೂ ಒಂದೇ. ಇದೇ ಸಾಧನೆಯನ್ನು 20-80ರ ಹಂಚಿಕೆಗೆ ತಂದರೆ ಮೊದಲನೆಯವಳಿಗೆ 51, ಎರಡನೆಯವನಿಗೆ 59. ಕಲಿಕೆಯಲ್ಲಿ ಯಾವ ಬದಲಾವಣೆಯೂ ಇಲ್ಲದೆ ಫಲಿತಾಂಶ ಬದಲಾಯಿತು. ಐಎ ಅಂಕದ ಹಿಂದೆ ನಿಜವಾದ ಪರೀಕ್ಷೆ, ಸೆಮಿನಾರು, ಅಸೈನ್‌ಮೆಂಟು ಇದ್ದರೆ ಮೊದಲನೆಯ ಹಂಚಿಕೆ ನ್ಯಾಯದ್ದು. ಎಲ್ಲರಿಗೂ 36ರಿಂದ 39ರೊಳಗೆ ಹಾಕಿ ಕಳಿಸಿದ್ದರೆ ಎರಡನೆಯದು ನ್ಯಾಯದ್ದು. ಯಾವುದು ನಡೆದಿದೆ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ.

ಹಾಗೆ ಹಾಕಿ ಕಳಿಸುವವರೆಲ್ಲರನ್ನೂ ಬೇಜವಾಬ್ದಾರರೆಂದು ಕರೆಯಲು ನಾನು ಸಿದ್ಧನಿಲ್ಲ. ಕಾಲೇಜು ಅಧ್ಯಾಪಕರಾಗಲು ಇರುವ ಅರ್ಹತಾ ಪರೀಕ್ಷೆ ಯುಜಿಸಿ-ನೆಟ್ ಬರೆಯಲು ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 55, ಮೀಸಲಾತಿಯವರಿಗೆ ಶೇ 50 ಬೇಕು. ಬಿ.ಎಡ್. ಸೀಟಿಗೆ ಪದವಿಯ ಅಂಕ ಲೆಕ್ಕಕ್ಕೆ ಬರುತ್ತದೆ. ಗ್ರಾಮ ಲೆಕ್ಕಿಗರ ನೇಮಕಾತಿ ಬಹುಕಾಲ ಪಿಯುಸಿ ಅಂಕಗಳ ಮೇಲೆಯೇ ನಡೆದು, 2024ರಲ್ಲಷ್ಟೇ ಸ್ಪರ್ಧಾತ್ಮಕ ಪರೀಕ್ಷೆಗೆ ಬದಲಾಯಿತು. ದೇವದುರ್ಗದ ಅಥವಾ ಸಿರುಗುಪ್ಪದ ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗಿಯ ಅಂಕ 54ಕ್ಕೆ ನಿಂತರೆ ಅವಳ ಮುಂದಿನ ಬಾಗಿಲೊಂದು ಮುಚ್ಚುತ್ತದೆ ಎಂಬುದು ಆ ಉಪನ್ಯಾಸಕರಿಗೆ ಗೊತ್ತು. ಜೊತೆಗೆ ನಮ್ಮ ಪದವಿ ಕಾಲೇಜುಗಳ ಪಾಠದ ಬಹುಪಾಲು ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಕೆಲಸದ ಖಾತ್ರಿಯೇ ಇರುವುದಿಲ್ಲ. ಬಿಗಿಯಾಗಿ ಅಂಕ ಕೊಟ್ಟು ಮನಸ್ತಾಪ ಕಟ್ಟಿಕೊಳ್ಳುವ ಸ್ಥಿತಿ ಅವರದಲ್ಲ. ಕ್ರಮಗಳನ್ನು ಹೋಲಿಸುವಾಗ ಈ ಒತ್ತಡವನ್ನು ಯಾವುದು ಕಡಿಮೆ ಮಾಡುತ್ತದೆ, ಯಾವುದು ಹೆಚ್ಚಿಸುತ್ತದೆ ಎಂದು ನೋಡದಿದ್ದರೆ ಹೋಲಿಕೆ ಕಾಗದದ ಮೇಲೆಯೇ ಉಳಿಯುತ್ತದೆ.

ಉನ್ನತ ಗ್ರೇಡಿಗೆ ಮಿತಿ

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ‘ಎ’ ಶ್ರೇಣಿಯ ಗ್ರೇಡುಗಳು ಶೇ 35ನ್ನು ಮೀರಬಾರದೆಂಬ ನೀತಿ ತಂದಿತು. ಹತ್ತು ವರ್ಷಗಳ ಬಳಿಕ, 2014ರಲ್ಲಿ, ಅದನ್ನು ಕೈಬಿಟ್ಟಿತು. ಗುರಿಯೆಂದು ಇಟ್ಟ ಸಂಖ್ಯೆಯನ್ನು ವಿದ್ಯಾರ್ಥಿಗಳು ಕೋಟಾ ಎಂದೇ ಭಾವಿಸಿದರು. ಪಕ್ಕದಲ್ಲಿ ಕುಳಿತ ಸಹಪಾಠಿಯೇ ಎದುರಾಳಿಯಾದ. ಅದೇ 2004ರಲ್ಲಿ ವೆಲೆಸ್ಲಿ ಕಾಲೇಜು ಆರಂಭಿಕ ಮತ್ತು ಮಧ್ಯಮ ಹಂತದ ತರಗತಿಗಳ ಸರಾಸರಿ ‘ಬಿ ಪ್ಲಸ್’ ದಾಟಕೂಡದೆಂದು ನಿಯಮ ಮಾಡಿತು. ಅಲ್ಲಿನ ಪ್ರಾಧ್ಯಾಪಕರೇ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗ್ರೇಡುಗಳು ಇಳಿದವು ನಿಜ. ಆದರೆ ಹಿಂದೆ ಧಾರಾಳವಾಗಿ ಅಂಕ ಕೊಡುತ್ತಿದ್ದ ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು, ಆ ವಿಭಾಗಗಳ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಕೊಡುವ ಮೌಲ್ಯಾಂಕನವೂ ಕುಸಿಯಿತು.

ಈ ಕೊನೆಯ ಸಂಗತಿ ನಮಗೆ ಬಹಳ ಮುಖ್ಯ. ಖಾಯಂ ನೌಕರಿಯಿರುವ ಪ್ರಾಧ್ಯಾಪಕರಿಗೇ ಹೀಗಾದರೆ, ವರ್ಷದಿಂದ ವರ್ಷಕ್ಕೆ ನವೀಕರಣಕ್ಕಾಗಿ ಕಾಯುವ ಅತಿಥಿ ಉಪನ್ಯಾಸಕರ ಮೇಲೆ ಮಿತಿಯ ಹೊರೆ ಎಷ್ಟಾಗಬಹುದು ಎಂದು ಯೋಚಿಸಬೇಕು. ಇನ್ನೊಂದು ತೊಂದರೆಯೂ ಇದೆ. ಮಿತಿಯನ್ನು ಒಂದೇ ವಿಶ್ವವಿದ್ಯಾಲಯ ಜಾರಿಗೊಳಿಸಿದರೆ ಅದರ ವಿದ್ಯಾರ್ಥಿ ಬಿ.ಎಡ್. ಪಟ್ಟಿಯಲ್ಲಿ, ಸ್ನಾತಕೋತ್ತರ ಪ್ರವೇಶದಲ್ಲಿ, ನೆಟ್ ಅರ್ಹತೆಯಲ್ಲಿ ನೆರೆಯ ವಿಶ್ವವಿದ್ಯಾಲಯದವನಿಗಿಂತ ಹಿಂದೆ ಬೀಳುತ್ತಾನೆ. ಕುಷ್ಟಗಿಯ ಹುಡುಗ ಮತ್ತು ಲಿಂಗಸುಗೂರಿನ ಹುಡುಗ ಒಂದೇ ಸೀಟಿಗೆ ಅರ್ಜಿ ಹಾಕುವಾಗ ಒಬ್ಬನ ಅಂಕಕ್ಕೆ ಮಾತ್ರ ಕಡಿವಾಣ ಬಿದ್ದಿದ್ದರೆ ಅದು ಸುಧಾರಣೆಯಾಗುವುದಿಲ್ಲ, ಅನ್ಯಾಯವಾಗುತ್ತದೆ. ಮೂರೂ ವಿಶ್ವವಿದ್ಯಾಲಯಗಳು, ಸಾಧ್ಯವಾದರೆ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಮೂಲಕ ಇಡೀ ರಾಜ್ಯ, ಒಟ್ಟಿಗೆ ನಿರ್ಧರಿಸಿದಾಗ ಮಾತ್ರ ಮಿತಿಯ ಮಾತನ್ನು ಚರ್ಚೆಗೆ ತೆಗೆದುಕೊಳ್ಳಬಹುದು.

ಸಾಪೇಕ್ಷ ಗ್ರೇಡಿಂಗ್

ಐಐಟಿಗಳಲ್ಲಿ ರೂಢಿಯಲ್ಲಿರುವ ಈ ಪದ್ಧತಿಯಲ್ಲಿ ವಿದ್ಯಾರ್ಥಿಯ ಗ್ರೇಡು ಅವನ ಅಂಕದ ಮೇಲಷ್ಟೇ ನಿಲ್ಲದೆ ತರಗತಿಯ ಸರಾಸರಿಯಿಂದ ಅವನು ಎಷ್ಟು ಮೇಲೆ ಅಥವಾ ಕೆಳಗೆ ಇದ್ದಾನೆ ಎಂಬುದರ ಮೇಲೆ ನಿಲ್ಲುತ್ತದೆ. ಪ್ರಶ್ನೆಪತ್ರಿಕೆ ಕಠಿಣವಾದ ವರ್ಷ ಎಲ್ಲರೂ ಬಲಿಯಾಗುವುದಿಲ್ಲ, ಸುಲಭವಾದ ವರ್ಷ ಎಲ್ಲರೂ ‘ಓ’ ಆಗುವುದಿಲ್ಲ. ನೂರಾರು ಜನರು ಒಟ್ಟಿಗೆ ಕಲಿಯುವ, ಒಬ್ಬರೇ ಪಾಠ ಹೇಳಿ ಒಬ್ಬರೇ ಅಳೆಯುವ ತರಗತಿಗೆ ಇದು ಒಳ್ಳೆಯ ಸಾಧನ. ಯುಜಿಸಿಯ ಮಾರ್ಗಸೂಚಿ ನೇರ (ಇಷ್ಟು ಅಂಕಕ್ಕೆ ಇಂಥ ಗ್ರೇಡು ಎಂದು ಮೊದಲೇ ನಿಗದಿಯಾದ) ಮತ್ತು ಸಾಪೇಕ್ಷ ಎಂಬ ಎರಡೂ ಪದ್ಧತಿಗಳಿಗೆ ಅವಕಾಶ ಕೊಟ್ಟಿರುವುದರಿಂದ ನಿಯಮದ ಅಡ್ಡಿಯೂ ಇಲ್ಲ.

ಆದರೆ ನಮ್ಮ ಸಂಯೋಜಿತ ಕಾಲೇಜುಗಳ ವ್ಯವಸ್ಥೆಗೆ ಇದು ಎರಡು ಕಡೆ ಹೊಂದುವುದಿಲ್ಲ. ಒಂದು, ತರಗತಿಯ ಗಾತ್ರ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಐಚ್ಛಿಕ ಕನ್ನಡಕ್ಕೋ ಭೂಗೋಳಕ್ಕೋ ಹನ್ನೆರಡು ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ. ಮೇಲಿನ ಶೇ 10 ಮಂದಿಗೆ ‘ಓ’ ಎಂದರೆ ಒಬ್ಬರಿಗೆ ಮಾತ್ರ. ಆ ವರ್ಷ ನಾಲ್ವರು ನಿಜವಾಗಿಯೂ ಉತ್ತಮರಿದ್ದರೆ ಮೂವರ ಶ್ರಮವನ್ನು ಲೆಕ್ಕಾಚಾರ ನುಂಗುತ್ತದೆ. ಸರಾಸರಿ ಮತ್ತು ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಹನ್ನೆರಡು ಜನರ ಗುಂಪಿನಲ್ಲಿ ಒಬ್ಬಿಬ್ಬರ ಅಂಕದಿಂದಲೇ ವಾಲುತ್ತವೆ. ಎರಡು, ಇಡೀ ವಿಶ್ವವಿದ್ಯಾಲಯವನ್ನೇ ಒಂದು ತರಗತಿಯೆಂದು ಪರಿಗಣಿಸಿದರೆ ಗಾತ್ರದ ಸಮಸ್ಯೆ ತೀರುತ್ತದೆ, ಆದರೆ ಬಳ್ಳಾರಿ ನಗರದ ಕಾಲೇಜಿಗೂ ಸಂಡೂರಿನ ಒಳನಾಡಿನ ಕಾಲೇಜಿಗೂ ಇರುವ ಅಂತರ, ಅಧ್ಯಾಪಕರ ಕೊರತೆ, ಪ್ರಯೋಗಾಲಯದ ಕೊರತೆ ಎಲ್ಲವೂ ವಿದ್ಯಾರ್ಥಿಯ ಗ್ರೇಡಿನೊಳಗೆ ಸೇರಿಕೊಳ್ಳುತ್ತವೆ. ನೇರ ಪದ್ಧತಿಯಲ್ಲಿಯೂ ಆ ಅಂತರ ಕಾಣಿಸುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಚೆನ್ನಾಗಿ ಬರೆದ ಹಳ್ಳಿಯ ವಿದ್ಯಾರ್ಥಿಗೆ ಬೇರೆಯವರು ಎಷ್ಟು ಚೆನ್ನಾಗಿ ಬರೆದರು ಎಂಬುದು ಅಡ್ಡ ಬರುವುದಿಲ್ಲ.

ವಿಶ್ವವಿದ್ಯಾಲಯದ ಮುಖ್ಯ ಆವರಣದಲ್ಲಿ, ಅರವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಎಂ.ಕಾಂ., ಎಂಬಿಎಯಂಥ ಸ್ನಾತಕೋತ್ತರ ತರಗತಿಗಳಲ್ಲಿ ಇದನ್ನು ಯೋಚಿಸಬಹುದು. ಪದವಿ ಕಾಲೇಜುಗಳಿಗೆ ಬೇಡ.

ಅಂಕಪಟ್ಟಿಯಲ್ಲೇ ತರಗತಿಯ ಮಟ್ಟವನ್ನು ತೋರಿಸುವುದು

ಗ್ರೇಡನ್ನು ಮುಟ್ಟದೆ ಅದರ ಪಕ್ಕದಲ್ಲಿ ಆ ವಿಷಯದಲ್ಲಿ ಒಟ್ಟು ಎಷ್ಟು ಜನರಿದ್ದರು, ಅವರ ಗ್ರೇಡುಗಳ ಮಧ್ಯಾಂಕ (ಎಲ್ಲರನ್ನೂ ಗ್ರೇಡಿನ ಕ್ರಮದಲ್ಲಿ ಸಾಲು ನಿಲ್ಲಿಸಿದರೆ ನಟ್ಟನಡುವಿನವರ ಗ್ರೇಡು) ಯಾವುದು ಎಂದು ಮುದ್ರಿಸುವುದು ಈ ದಾರಿ. ಅಮೆರಿಕದ ಡಾರ್ಟ್ಮತ್ ಕಾಲೇಜು 1990ರ ದಶಕದಿಂದಲೇ ಹೀಗೆ ಮಾಡುತ್ತ ಬಂದಿದೆ. ದೇಶದಿಂದ ದೇಶಕ್ಕೆ ಕ್ರೆಡಿಟ್ ವರ್ಗಾಯಿಸುವ ಯುರೋಪಿನ ಇಸಿಟಿಎಸ್ ವ್ಯವಸ್ಥೆಯಲ್ಲಿ ಪ್ರತಿ ಗ್ರೇಡನ್ನು ಶೇಕಡಾ ಎಷ್ಟು ಜನ ಪಡೆದರು ಎಂಬ ಕೋಷ್ಟಕವನ್ನು ಅಂಕಪಟ್ಟಿಯ ಜೊತೆ ಕೊಡುವ ಕ್ರಮವಿದೆ. ಬೇರೆ ದೇಶದ ವಿಶ್ವವಿದ್ಯಾಲಯ ಆ ಗ್ರೇಡಿನ ತೂಕವನ್ನು ಅದರಿಂದಲೇ ತಿಳಿಯುತ್ತದೆ. ನಮ್ಮ ಅಂಕಪಟ್ಟಿಯಲ್ಲಿ ‘ಎ ಪ್ಲಸ್’ ಇದ್ದು, 150 ಜನರ ಮಧ್ಯಾಂಕವೂ ‘ಎ ಪ್ಲಸ್’ ಎಂದು ಪಕ್ಕದಲ್ಲಿದ್ದರೆ ಓದುವವರಿಗೆ ವಿಷಯ ಸ್ಪಷ್ಟ. ಮಧ್ಯಾಂಕ ‘ಬಿ’ ಇರುವ ಕಡೆ ‘ಎ’ ಪಡೆದವಳ ಸಾಧನೆಯೂ ಅಷ್ಟೇ ಸ್ಪಷ್ಟ. ಬಿಗಿಯಾಗಿ ಅಂಕ ಕೊಡುವ ಅಧ್ಯಾಪಕರ ಕೈಕೆಳಗೆ ಓದಿದವಳಿಗೆ ಈವರೆಗೆ ಇಲ್ಲದ ರಕ್ಷಣೆ ಸಿಗುತ್ತದೆ.

ಇದರ ವಿರುದ್ಧ ಎತ್ತುವ ಮುಖ್ಯ ಆಕ್ಷೇಪ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅನುಭವ. ಅಲ್ಲಿ 1990ರ ದಶಕದ ಕೊನೆಯಲ್ಲಿ ತರಗತಿಗಳ ಮಧ್ಯಾಂಕ ಗ್ರೇಡುಗಳನ್ನು ಅಂತರಜಾಲದಲ್ಲಿ ಪ್ರಕಟಿಸಲು ಆರಂಭಿಸಿದರು, ಅಂಕಪಟ್ಟಿಯಲ್ಲಿ ಮುದ್ರಿಸುವುದು ಮಾತ್ರ ವರ್ಷಗಟ್ಟಲೆ ತಡವಾಯಿತು. ಆ ನಡುವೆ ವಿದ್ಯಾರ್ಥಿಗಳು ಧಾರಾಳವಾಗಿ ಅಂಕ ಬೀಳುವ ಕೋರ್ಸುಗಳನ್ನು ಆ ಪಟ್ಟಿ ನೋಡಿಯೇ ಹುಡುಕಿ ಆರಿಸಿಕೊಂಡರು, ಉಬ್ಬರ ಇನ್ನಷ್ಟು ಹೆಚ್ಚಿತು ಎಂದು ಅಧ್ಯಯನವೊಂದು ತೋರಿಸಿತು. 2011ರಲ್ಲಿ ಅಂತರಜಾಲದ ಪ್ರಕಟಣೆಯನ್ನು ನಿಲ್ಲಿಸಲಾಯಿತು.

ಈ ಎಚ್ಚರಿಕೆ ನಮಗೆ ಪೂರ್ತಿ ಅನ್ವಯಿಸುವುದಿಲ್ಲ ಎಂಬುದು ನನ್ನ ವಾದ. ಕಾರ್ನೆಲ್‌ನ ವಿದ್ಯಾರ್ಥಿಗೆ ನೂರಾರು ಕೋರ್ಸುಗಳ ಆಯ್ಕೆಯಿದೆ. ಮಾನ್ವಿಯ ಪದವಿ ಕಾಲೇಜಿನ ಬಿ.ಎ. ವಿದ್ಯಾರ್ಥಿಗೆ ಕಾಲೇಜಿನಲ್ಲಿರುವ ಕಾಂಬಿನೇಶನ್‌ಗಳಷ್ಟೇ ಆಯ್ಕೆ. ಮುಕ್ತ ಆಯ್ಕೆಯ ವಿಷಯ ಕೂಡ ಎಷ್ಟೋ ಕಡೆ ಯಾವ ಅಧ್ಯಾಪಕರಿಗೆ ಕಾರ್ಯಭಾರ ಕಡಿಮೆಯಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಆಯ್ಕೆಯೇ ಇಲ್ಲದಲ್ಲಿ ಸುಲಭದ ಕೋರ್ಸನ್ನು ಹುಡುಕಿಕೊಂಡು ಹೋಗುವ ಪ್ರಶ್ನೆ ಬರುವುದಿಲ್ಲ. ವಿಶ್ವವಿದ್ಯಾಲಯದ ಆವರಣದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಬೇರೆ ವಿಭಾಗದ ಮುಕ್ತ ಆಯ್ಕೆಯ ವಿಷಯ ತೆಗೆದುಕೊಳ್ಳುವಾಗ ಮಾತ್ರ ಆ ಅಪಾಯವಿದೆ. ಅಲ್ಲಿಯೂ ಮಾಹಿತಿಯನ್ನು ಪ್ರವೇಶದ ಸಮಯದಲ್ಲಿ ಪ್ರಕಟಿಸದೆ ಅಂಕಪಟ್ಟಿಯಲ್ಲಿ ಮಾತ್ರ ಮುದ್ರಿಸಿದರೆ ತೊಂದರೆ ತಗ್ಗುತ್ತದೆ.

ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಅಗ್ಗದ ಕ್ರಮ ಮತ್ತೊಂದಿಲ್ಲ. ವಿಶ್ವವಿದ್ಯಾಲಯ, ಕಾಲೇಜುಗಳ ಆಡಳಿತಕ್ಕಾಗಿ ರಾಜ್ಯ ಬಳಸುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಐಎ ಅಂಕಗಳೂ ಪರೀಕ್ಷೆಯ ಅಂಕಗಳೂ ಆಗಲೇ ದಾಖಲಾಗುತ್ತಿವೆ. ಬೇಕಿರುವುದು ಅಂಕಪಟ್ಟಿಯ ನಮೂನೆಯಲ್ಲಿ ಎರಡು ಅಂಕಣ. ಅದರ ಜೊತೆಗೆ ಸಿಜಿಪಿಎಯನ್ನು, ಅಂದರೆ ಎಲ್ಲ ಸೆಮಿಸ್ಟರುಗಳ ಒಟ್ಟು ಗ್ರೇಡ್ ಸರಾಸರಿಯನ್ನು, ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನೂ ಅಂಕಪಟ್ಟಿಯ ಹಿಂಬದಿಯಲ್ಲಿ ಕಡ್ಡಾಯವಾಗಿ ಮುದ್ರಿಸಬೇಕು. ದೇಶದಲ್ಲಿ 10ರಿಂದ ಗುಣಿಸುವ ಸೂತ್ರವೂ ಇದೆ, 0.75 ಕಳೆದು 10ರಿಂದ ಗುಣಿಸುವ ಸೂತ್ರವೂ ಇದೆ. 7.5 ಸಿಜಿಪಿಎ ಮೊದಲನೆಯದರಲ್ಲಿ ಶೇ 75, ಎರಡನೆಯದರಲ್ಲಿ ಶೇ 67.5. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಬೆಂಗಳೂರಿನ ಕಂಪನಿಗೋ ಅರ್ಜಿ ಹಾಕುವವರು ಈ ಏಳೂವರೆ ಅಂಶಗಳ ಗೊಂದಲವನ್ನು ತಾವೇ ಬಗೆಹರಿಸಿಕೊಳ್ಳಬೇಕಾಗಿ ಬರಬಾರದು.

ಎರಡನೇ ಮೌಲ್ಯಮಾಪಕರು, ಡಿಜಿಟಲ್ ಮೌಲ್ಯಮಾಪನ

ಸ್ನಾತಕೋತ್ತರ ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ನೋಡುವುದು, ಇಬ್ಬರ ಅಂಕಗಳ ಅಂತರ ನಿಗದಿತ ಮಿತಿ ಮೀರಿದರೆ ಮೂರನೆಯವರಿಗೆ ಕಳಿಸುವುದು ನಮ್ಮ ರಾಜ್ಯದಲ್ಲಿ ಪರಿಚಿತ ಕ್ರಮ. ಅದನ್ನು ಪದವಿಗೂ ವಿಸ್ತರಿಸಿ ಎಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ಗುಣಮಟ್ಟಕ್ಕೆ ಇದು ನಿಸ್ಸಂದೇಹವಾಗಿ ಒಳ್ಳೆಯದು, ಸಮಯಕ್ಕೆ ಮಾತ್ರ ಹೊಡೆತ. ಮೌಲ್ಯಮಾಪನ ಕೇಂದ್ರಕ್ಕೆ ಬರುವ ಅಧ್ಯಾಪಕರು ಈಗಲೇ ಸಾಲದು. ಬಂಡಲ್‌ಗಳು ಎರಡು ಸುತ್ತು ತಿರುಗಿದರೆ ಫಲಿತಾಂಶ ತಡವಾಗುತ್ತದೆ, ಫಲಿತಾಂಶ ತಡವಾದರೆ ವಿದ್ಯಾರ್ಥಿಯ ಬಿ.ಎಡ್., ಸ್ನಾತಕೋತ್ತರ ಪ್ರವೇಶದ ಗಡುವು ದಾಟುತ್ತದೆ. ಆದ್ದರಿಂದ ಪದವಿಗೆ ಮಾದರಿ ಪರಿಶೀಲನೆ ಸಾಕು: ಪ್ರತಿ ಬಂಡಲ್‌ನಿಂದ ಹತ್ತರಲ್ಲಿ ಒಂದು ಉತ್ತರಪತ್ರಿಕೆಯನ್ನು ಮುಖ್ಯ ಮೌಲ್ಯಮಾಪಕರು ಅಂಕ ಕಾಣದಂತೆ ಮತ್ತೆ ನೋಡಿ, ವ್ಯತ್ಯಾಸ ಹೆಚ್ಚಿದ್ದರೆ ಇಡೀ ಬಂಡಲನ್ನು ವಾಪಸು ಕೊಡಬೇಕು.

ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿದ್ದುವ ಡಿಜಿಟಲ್ ಮೌಲ್ಯಮಾಪನವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ವರ್ಷಗಳಿಂದ ನಡೆಸುತ್ತಿದೆ. ಕೂಡುವಿಕೆಯ ತಪ್ಪು, ನೋಡದೆ ಬಿಟ್ಟ ಪುಟ, ಅಂಕ ನಮೂದಿನ ತಪ್ಪು ಇದರಿಂದ ಬಹುಮಟ್ಟಿಗೆ ನಿಲ್ಲುತ್ತವೆ. ಧಾರಾಳತನ ಮಾತ್ರ ನಿಲ್ಲುವುದಿಲ್ಲ. ಕಾಗದದ ಮೇಲೆ 8 ಕೊಡುವವರು ಪರದೆಯ ಮೇಲೂ 8 ಕೊಡುತ್ತಾರೆ. ಉಬ್ಬರಕ್ಕೆ ಮದ್ದೆಂದು ಇದನ್ನು ಕೊಳ್ಳಬಾರದು, ವಿದ್ಯಾರ್ಥಿಗೆ ತನ್ನ ಉತ್ತರಪತ್ರಿಕೆಯ ಪ್ರತಿ ಬೇಗ ಸಿಗುತ್ತದೆ ಎಂಬ ಕಾರಣಕ್ಕೆ ಕೊಳ್ಳಬೇಕು.

ತೆರೆದ ಮೌಲ್ಯಮಾಪನ

ರಾಯಚೂರಿನ ಎಪಿಎಂಸಿಗೆ ಹತ್ತಿ ತಂದ ರೈತ ದರದ ಮಾತಿಗೆ ಮೊದಲು ಕಾಟಾ ನೋಡುತ್ತಾನೆ. ತೂಕ ತನ್ನ ಕಣ್ಣೆದುರು ಆದರೆ ಮಾತ್ರ ಅವನು ಚೀಟಿ ಒಪ್ಪುತ್ತಾನೆ. ವಿದ್ಯಾರ್ಥಿಗೆ ನಾವು ಕೊಡುತ್ತಿರುವುದು ಬರೀ ಚೀಟಿ.

2011ರ ಆಗಸ್ಟ್ 9ರಂದು ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೌಲ್ಯಮಾಪನಗೊಂಡ ಉತ್ತರಪತ್ರಿಕೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ‘ಮಾಹಿತಿ’ಯೇ ಆಗಿದ್ದು, ಪರೀಕ್ಷೆ ಬರೆದವರಿಗೆ ತಮ್ಮ ಉತ್ತರಪತ್ರಿಕೆಯನ್ನು ನೋಡುವ ಮತ್ತು ಪ್ರತಿ ಪಡೆಯುವ ಹಕ್ಕಿದೆ ಎಂದು ತೀರ್ಪು ನೀಡಿತು. ಮೌಲ್ಯಮಾಪಕರ ಹೆಸರು, ಸಹಿಗಳನ್ನು ಮರೆಮಾಡಬೇಕೆಂದೂ ಹೇಳಿತು. ಅಂದರೆ ಉತ್ತರಪತ್ರಿಕೆಯನ್ನು ತೋರಿಸುವುದು ವಿಶ್ವವಿದ್ಯಾಲಯ ದಯಪಾಲಿಸುವ ಸೌಲಭ್ಯವಲ್ಲ. ಹಾಗಿರುವಾಗ ಪ್ರತಿಯೊಬ್ಬರೂ ಅರ್ಜಿ ಬರೆದು, ಮೂವತ್ತು ದಿನ ಕಾದು, ಮರುಮೌಲ್ಯಮಾಪನದ ಗಡುವನ್ನೇ ಕಳೆದುಕೊಳ್ಳುವಂತೆ ಮಾಡುವುದಕ್ಕಿಂತ ಫಲಿತಾಂಶದ ಜೊತೆಯಲ್ಲೇ ಪ್ರತಿ ನೋಡಲು ಬಿಡುವುದು ಲೇಸು. ನಮ್ಮ ಮಕ್ಕಳು ದ್ವಿತೀಯ ಪಿಯುಸಿಯಲ್ಲಿ ಸ್ಕ್ಯಾನ್ ಪ್ರತಿ ತೆಗೆಸಿ ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕುವುದನ್ನು ಆಗಲೇ ಬಲ್ಲವರು. ಪದವಿಗೆ ಬಂದ ಮೇಲೆ ಅದಕ್ಕಿಂತ ಕಡಿಮೆ ಸಿಗಬಾರದು.

ಉತ್ತರಪತ್ರಿಕೆಯೊಂದೇ ಸಾಲದು. ಪರೀಕ್ಷಾ ಮಂಡಳಿ ಸಿದ್ಧಪಡಿಸುವ ಸ್ಕೀಮ್ ಆಫ್ ವ್ಯಾಲ್ಯುಯೇಷನ್, ಅಂದರೆ ಹತ್ತು ಅಂಕದ ಪ್ರಶ್ನೆಯಲ್ಲಿ ವ್ಯಾಖ್ಯೆಗೆ ಎಷ್ಟು, ವಿವರಣೆಗೆ ಎಷ್ಟು, ಉದಾಹರಣೆಗೆ ಎಷ್ಟು ಎಂಬ ಹಂಚಿಕೆ, ಪರೀಕ್ಷೆ ಮುಗಿದ ವಾರದಲ್ಲಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇರಬೇಕು. ಐಎ ವಿಷಯದಲ್ಲಿ ಪ್ರತಿ ಕಿರುಪರೀಕ್ಷೆಯ ಪುಸ್ತಿಕೆಯನ್ನು ಅಂಕ ಹಾಕಿ ವಿದ್ಯಾರ್ಥಿಗೆ ತೋರಿಸಿ ಸಹಿ ಪಡೆಯಬೇಕು. ಅಂಕಗಳನ್ನು ತಂತ್ರಾಂಶಕ್ಕೆ ಏರಿಸುವ ಮೊದಲು ಟೆಸ್ಟಿಗೆ ಎಷ್ಟು, ಸೆಮಿನಾರಿಗೆ ಎಷ್ಟು, ಅಸೈನ್‌ಮೆಂಟಿಗೆ ಎಷ್ಟು ಎಂಬ ವಿಂಗಡಣೆಯನ್ನು, ಹೆಸರಿನ ಬದಲು ನೋಂದಣಿ ಸಂಖ್ಯೆಯೊಡನೆ, ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಬೇಕು.

ತೆರೆದರೆ ಉಬ್ಬರ ಹೇಗೆ ಇಳಿಯುತ್ತದೆ, ವಿದ್ಯಾರ್ಥಿಗಳು ಇನ್ನಷ್ಟು ಅಂಕ ಕೇಳುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಕೇಳುತ್ತಾರೆ. ಮೊದಲ ಒಂದೆರಡು ಸೆಮಿಸ್ಟರುಗಳಲ್ಲಿ ತಕರಾರುಗಳು ಹೆಚ್ಚುವುದು ಖಚಿತ. ಆದರೆ ಕಡಿಮೆ ಕೊಟ್ಟ ಅಂಕದಷ್ಟೇ, ಕಾರಣವಿಲ್ಲದೆ ಹೆಚ್ಚು ಕೊಟ್ಟ ಅಂಕವೂ ಆಗ ಎಲ್ಲರ ಕಣ್ಣಿಗೆ ಬೀಳುತ್ತದೆ. ಸೆಮಿನಾರು ಕೊಡದ ಸಹಪಾಠಿಗೆ ಸೆಮಿನಾರಿನ ಪೂರ್ತಿ ಅಂಕ ಬಿದ್ದಿದ್ದರೆ, ರಾತ್ರಿಯೆಲ್ಲ ಕೂತು ತಯಾರಿ ಮಾಡಿದವಳು ಸುಮ್ಮನಿರುವುದಿಲ್ಲ. ಅಧ್ಯಾಪಕರಿಗೂ ಇದು ಬಲ ಕೊಡುತ್ತದೆ: ಆಡಳಿತ ಮಂಡಳಿಯವರೋ ಊರ ಮುಖಂಡರೋ ‘ಸ್ವಲ್ಪ ನೋಡಿ ಹಾಕ್ರಿ ಸರ’ ಎಂದು ಕೇಳಿದಾಗ, ‘ಫಲಕದ ಮೇಲೆ ಹಾಕಬೇಕಲ್ರಿ, ಎಲ್ರೂ ನೋಡ್ತಾರ’ ಎಂದು ಹೇಳಲು ಅತಿಥಿ ಉಪನ್ಯಾಸಕರಿಗೆ ಒಂದು ಆಧಾರ ದೊರೆಯುತ್ತದೆ. ಉಳಿದ ಕ್ರಮಗಳು ಅಧ್ಯಾಪಕರ ಮೇಲಿನ ಒತ್ತಡವನ್ನು ಹೆಚ್ಚಿಸುತ್ತವೆ ಅಥವಾ ಹಾಗೆಯೇ ಬಿಡುತ್ತವೆ. ಇದೊಂದೇ ಅದನ್ನು ಇಳಿಸುತ್ತದೆ, ಮತ್ತು ಇದಕ್ಕೆ ನಾನು ಮೊದಲ ಸ್ಥಾನ ಕೊಡಲು ಅದೇ ಕಾರಣ.

ಐಎ ಮತ್ತು ಪರೀಕ್ಷೆಯ ಅಂತರ

ಪ್ರತಿ ಕಾಲೇಜಿನ ಪ್ರತಿ ವಿಷಯದಲ್ಲಿ ಐಎಯ ಸರಾಸರಿ ಶೇಕಡಾವಾರು ಎಷ್ಟು, ಪರೀಕ್ಷೆಯದು ಎಷ್ಟು, ಎರಡರ ನಡುವಿನ ಅಂತರ ಎಷ್ಟು ಎಂದು ಪ್ರತಿ ಸೆಮಿಸ್ಟರ್ ಪ್ರಕಟಿಸುವುದು ಇನ್ನೊಂದು ದಾರಿ. ಐಎ ಸರಾಸರಿ ಶೇ 93, ಪರೀಕ್ಷೆಯ ಸರಾಸರಿ ಶೇ 41 ಇರುವ ಕಡೆ ಏನೋ ನಡೆದಿದೆ. ಕೆಲವರು ಇಲ್ಲಿಂದ ಮುಂದೆ ಹೋಗಿ, ಅಂತರ ಹೆಚ್ಚಿರುವ ಕಾಲೇಜಿನ ಐಎ ಅಂಕಗಳನ್ನು ಸೂತ್ರವೊಂದರಿಂದ ತಾನೇ ತಾನಾಗಿ ಇಳಿಸಬೇಕೆನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ.

ನಮ್ಮ ಭಾಗದಲ್ಲಿ ಆ ಅಂತರದ ಹಿಂದೆ ಭಾಷೆಯೂ ಇದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿ ಬಿ.ಎಸ್ಸಿ. ತರಗತಿಯಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾಳೆ, ಪ್ರಯೋಗವನ್ನು ತಪ್ಪಿಲ್ಲದೆ ಮಾಡುತ್ತಾಳೆ, ಸೆಮಿಸ್ಟರ್ ಪರೀಕ್ಷೆಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ತಡವರಿಸುತ್ತಾಳೆ. ಅವಳ ಐಎ ಅಂಕ ನಿಜವಾದದ್ದು. ಅವಳ ಪರೀಕ್ಷೆಯ ಅಂಕವೇ ಅವಳನ್ನು ಕಡಿಮೆ ಅಳೆದಿದೆ. ಸೂತ್ರಕ್ಕೆ ಅವಳಿಗೂ ಹಾಜರಿಯ ಮೇಲೆ ಅಂಕ ಗಿಟ್ಟಿಸಿದವನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಅಂತರವನ್ನು ಶಿಕ್ಷೆಗೆ ಬಳಸದೆ ವಿಚಾರಣೆಗೆ ಬಳಸಬೇಕು. ಅಂತರ ಶೇ 30 ದಾಟಿದ ವಿಷಯಗಳ ಐಎ ದಾಖಲೆಗಳನ್ನು ಅಧ್ಯಯನ ಮಂಡಳಿಯ ಇಬ್ಬರು ಕಾಲೇಜಿಗೇ ಬಂದು ನೋಡಲಿ. ದಾಖಲೆಯಿದ್ದರೆ ಅಂಕ ಉಳಿಯಲಿ, ಇಲ್ಲದಿದ್ದರೆ ಕಾಲೇಜು ಉತ್ತರ ಕೊಡಲಿ. ಶೇ 30 ಎಂಬುದು ನನ್ನ ಸಲಹೆಯಷ್ಟೇ. ಒಂದು ವರ್ಷದ ಅಂಕಿಗಳನ್ನು ನೋಡಿ ಪರಿಷತ್ತು ಬೇರೆ ಗೆರೆ ಎಳೆಯಬಹುದು.

ಐಎ ಪಾಲನ್ನು 20ಕ್ಕೆ ಇಳಿಸಿದ್ದರಿಂದ ಉಬ್ಬರದ ಜಾಗ ಕಿರಿದಾಯಿತು ಎಂಬುದು ನಿಜ, ಆದರೆ ಮೇಲೆ ಹೇಳಿದ ವಿದ್ಯಾರ್ಥಿನಿಗೆ ಅದರಿಂದ ನಷ್ಟವೂ ಆಯಿತು.

ಒಮ್ಮೆಲೇ ಬಿಗಿ ಮಾಡಿದರೆ

2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಇಲ್ಲಿ ನೆನೆಯಲೇಬೇಕು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು. ಕಲಿಕೆಯ ಕೊರತೆ ಇದ್ದಂತೆಯೇ ಇದ್ದುದರಿಂದ ಫಲಿತಾಂಶ ಕುಸಿಯುವುದನ್ನು ಕಂಡು ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಹಾಗೆ ಏರಿಸಿದ ಮೇಲೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಪರೀಕ್ಷೆಯನ್ನು ಶುದ್ಧಗೊಳಿಸಿದ್ದು ಸರಿಯಾದ ಕೆಲಸ, ಅದನ್ನು ಮೆಚ್ಚುತ್ತೇನೆ. ಆದರೆ ಒಂದು ಕೈಯಿಂದ ಬಿಗಿ ಮಾಡಿ ಇನ್ನೊಂದು ಕೈಯಿಂದ ಅಂಕ ತುಂಬಬೇಕಾಗಿ ಬಂದದ್ದು, ಬದಲಾವಣೆಗೆ ಮುನ್ನ ತರಗತಿಯಲ್ಲಿ ಆಗಬೇಕಿದ್ದ ತಯಾರಿ ಆಗಿರಲಿಲ್ಲ ಎಂಬುದನ್ನು ತೋರಿಸುತ್ತದೆ. ವಿಶ್ವವಿದ್ಯಾಲಯಗಳು ಯಾವ ಕ್ರಮ ಆರಿಸಿದರೂ ಅದರ ಜೊತೆಗೆ ಬ್ಯಾಕ್‌ಲಾಗ್ ಇರುವವರಿಗೆ ಪರಿಹಾರ ಬೋಧನೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಬರವಣಿಗೆಯ ಅಭ್ಯಾಸ ಇವೆರಡನ್ನೂ ಮೊದಲೇ ಆರಂಭಿಸಬೇಕು.

ಯಾರಿಗೆ ಯಾವುದು?

ಸಂಯೋಜಿತ ಪದವಿ ಕಾಲೇಜುಗಳಿಗೆ ಸ್ಕೀಮಿನ ಪ್ರಕಟಣೆ, ಉತ್ತರಪತ್ರಿಕೆಯ ಪ್ರತಿ, ಫಲಕದ ಮೇಲೆ ಐಎ ವಿಂಗಡಣೆ, ಮಾದರಿ ಪರಿಶೀಲನೆ ಈ ನಾಲ್ಕು ಸಾಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಸ್ನಾತಕೋತ್ತರ ವಿಭಾಗಗಳು ಈಗಿರುವ ಎರಡು ಸುತ್ತಿನ ಮೌಲ್ಯಮಾಪನವನ್ನು ಉಳಿಸಿಕೊಂಡು, ಅಂಕಪಟ್ಟಿಯಲ್ಲಿ ಮಧ್ಯಾಂಕ ಮುದ್ರಿಸುವುದನ್ನು ತಾವೇ ಮೊದಲು ಆರಂಭಿಸಬಹುದು. ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ, ತಪ್ಪಾದರೆ ತಿದ್ದುವುದು ಸುಲಭ. ಹತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ವಿಷಯದಲ್ಲಿ ಕಾಲೇಜಿನ ಮಧ್ಯಾಂಕವನ್ನು ಮುದ್ರಿಸದೆ ವಿಶ್ವವಿದ್ಯಾಲಯದ ಮಧ್ಯಾಂಕವನ್ನೇ ಕೊಡಬೇಕು, ಇಲ್ಲದಿದ್ದರೆ ಪಕ್ಕದವರ ಅಂಕ ಊಹೆಗೆ ಸಿಗುತ್ತದೆ. ಮಧ್ಯಾಂಕದ ಅಂಕಣವನ್ನು ಮೂರೂ ವಿಶ್ವವಿದ್ಯಾಲಯಗಳು ಒಂದೇ ವರ್ಷ ಆರಂಭಿಸಿದರೆ ಒಳ್ಳೆಯದು, ಆದರೆ ಅದಕ್ಕಾಗಿ ಕಾಯಬೇಕಿಲ್ಲ. ಮಿತಿಯಂತೆ ಇದು ಯಾರ ಅಂಕವನ್ನೂ ಇಳಿಸುವುದಿಲ್ಲ.

ಅಂಕಪಟ್ಟಿಯ ಹೊಸ ಅಂಕಣಗಳು ಮತ್ತು ಅಂತರದ ವಿಚಾರಣೆ ಅವು ಜಾರಿಯಾಗುವ ವರ್ಷ ಮೊದಲ ಸೆಮಿಸ್ಟರಿಗೆ ಸೇರುವವರಿಂದ ಮಾತ್ರ ಅನ್ವಯವಾಗಬೇಕು. ಮೂರನೆಯ ಅಥವಾ ಐದನೆಯ ಸೆಮಿಸ್ಟರಿನಲ್ಲಿರುವವರ ಅಂಕಪಟ್ಟಿಯಲ್ಲಿ ಅರ್ಧ ಹಳೆಯ ನಮೂನೆ, ಅರ್ಧ ಹೊಸ ನಮೂನೆ ಬೆರೆತರೆ ನೇಮಕಾತಿ ಮಾಡುವವರ ಮುಂದೆ ಅದನ್ನು ವಿವರಿಸುವ ಹೊರೆ ಅವರ ಮೇಲೆಯೇ ಬೀಳುತ್ತದೆ. ಉತ್ತರಪತ್ರಿಕೆಯ ಪ್ರತಿ ಮತ್ತು ಸ್ಕೀಮಿನ ಪ್ರಕಟಣೆಗೆ ಇಂಥ ಕಾಯುವಿಕೆ ಅಗತ್ಯವಿಲ್ಲ. ಅವುಗಳನ್ನು ಎಲ್ಲ ಸೆಮಿಸ್ಟರುಗಳಿಗೂ ಮುಂದಿನ ಪರೀಕ್ಷೆಯಿಂದಲೇ ಆರಂಭಿಸಲು ಕುಲಸಚಿವರ (ಮೌಲ್ಯಮಾಪನ) ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಸಾಕು.